ಮೈಸೂರು ಅರಮನೆ ನೋಡಲು ಗೈಡು ಬೇಕೆ?

ಬೇಸಗೆಯ ರಜೆ ಇಲ್ಲವೆ ದಸರೆ ಹತ್ತಿರ ಬಂದಿತೆಂದರೆ ನಮ್ಮ ವಾಚನಾಲಯದ ಮೇಜಿನ ಬಳಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ಈ ಸಾರಿ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಅರಮನೆ ನೋಡಲು ಗೈಡು ಬೇಕೆ? ಸುಮ್ಮನೆ ದುಡ್ಡು ದಂಡವಲ್ಲವೆ?"

ಸಂಬಳದ ಮೇಲೆ ಸಂಸಾರ ನಡೆಸುವ ನಮ್ಮಂಥವರಿಗೆ ಇದು ಹಗುರಾದ ಪ್ರಶ್ನೆಯಲ್ಲ. ಐದು ಜನರ ಕುಟುಂಬ ಮುಂಬಯಿಯಿಂದ ಮೈಸೂರಿಗೆ ಹೋಗಿ ಬರುವ ಖರ್ಚು ವರುಷದ ಉಳಿತಾಯವನ್ನೇ ನುಂಗಿಬಿಡುತ್ತದೆ. ಮತ್ತೊಮ್ಮೆ ಹೋಗುವುದು ಎಂದಿಗೋ ಹೇಳಲಾರೆವು. ಇಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ಮಕ್ಕಳು ಆ ಊರನ್ನು ಕಣ್ಣಾರೆ ಕಾಣುವುದು ಬಹುಶಃ ಆ ಒಂದೆರಡು ದಿನ ಮಾತ್ರ. ಆ ದಿನಗಳಲ್ಲಿ ಅವರ ಮನಸ್ಸಿನಲ್ಲಿ ಏನು ಉಳಿಯಬೇಕು ಎಂಬುದನ್ನು ಮೊದಲೇ ಯೋಚಿಸಿ ಹೊರಡುವುದು ಒಳ್ಳೆಯದು. ಆದ್ದರಿಂದ ನನಗೆ ತಿಳಿದ ಮಟ್ಟಿಗೆ ಈ ವಿಷಯವನ್ನು ಇಲ್ಲಿ ವಿವರಿಸುತ್ತೇನೆ.

ನೋಡುವ ಮೂರು ಬಗೆ

ಮೈಸೂರನ್ನು ನೋಡುವುದಕ್ಕೆ ಮೂರು ದಾರಿಗಳುಂಟು. ಮೊದಲನೆಯದು, ಎಲ್ಲರ ಸಂಗಡ ಬಸ್ಸಿನಲ್ಲಿ ಕುಳಿತು ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಪ್ರವಾಸ. ಖರ್ಚು ಕಡಿಮೆ, ಆದರೆ ಬೆಟ್ಟ, ಅರಮನೆ, ಮೃಗಾಲಯ, ಶ್ರೀರಂಗಪಟ್ಟಣ, ಬೃಂದಾವನ ಎಂದು ಓಡುವಾಗ ಅರಮನೆಗೆ ಸಿಕ್ಕುವ ಕಾಲ ಬಹಳ ಸ್ವಲ್ಪ. ಎರಡನೆಯದು, ತಾವೇ ಟಿಕೀಟು ತೆಗೆದುಕೊಂಡು ಜನರ ಹಿಂದೆ ನಡೆದು ಹೊರಬರುವುದು. ಮೊದಲೇ ಓದಿಕೊಂಡು ಹೋದವರಿಗೆ ಇದು ಸಾಕಾಗುತ್ತದೆ. ಮೂರನೆಯದು, ತಮ್ಮ ಕುಟುಂಬಕ್ಕೆಂದೇ ಒಬ್ಬ ಗೈಡನ್ನು ಗೊತ್ತುಮಾಡಿಕೊಂಡು, ಬೇಕಾದರೆ ಒಂದು ಬಾಡಿಗೆ ಕಾರನ್ನೂ ತೆಗೆದುಕೊಂಡು, ತಮ್ಮ ನಡಿಗೆಗೆ ತಕ್ಕಂತೆ ನೋಡುವುದು.

ಚಿಕ್ಕ ಮಕ್ಕಳು ಅಥವಾ ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಮೂರನೆಯದೇ ಮೇಲು. ಅಜ್ಜಿ ಕಂಬದ ಬಳಿ ಕುಳಿತು ದಣಿವಾರಿಸಿಕೊಳ್ಳಬಹುದು. ಹುಡುಗನು ಆನೆಯ ಚಿತ್ರದ ಮುಂದೆ ಹತ್ತು ನಿಮಿಷ ನಿಂತರೂ ಯಾರೂ ಸಿಡುಕುವುದಿಲ್ಲ. ಖರ್ಚಿನ ಭಯಕ್ಕೆ ಒಂದು ಉಪಾಯವುಂಟು. ಗೈಡಿನ ಕೂಲಿ ಸಾಮಾನ್ಯವಾಗಿ ತಲೆಗೆ ಇಷ್ಟು ಎಂದಲ್ಲ, ಗುಂಪಿಗೆ ಇಷ್ಟು ಎಂದು. ಪರಿಚಯದ ಎರಡು ಕುಟುಂಬಗಳು ಕೂಡಿ ಹೋದರೆ ಅರ್ಧಕ್ಕೆ ಅರ್ಧ ಉಳಿಯುತ್ತದೆ.

ಮೊದಲು ಕರಾರು, ಆಮೇಲೆ ಮಾತು

ಗೈಡನ್ನು ಗೊತ್ತುಮಾಡುವಾಗ ಸಂಕೋಚ ಬೇಡ. ಈ ಕೆಳಗಿನ ಐದು ಮಾತುಗಳನ್ನು ಅರಮನೆಯ ಬಾಗಿಲ ಹೊರಗೇ ಮುಗಿಸಿಕೊಳ್ಳಬೇಕು.

ಒಂದು: ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದೆಯೆ ಎಂದು ನೋಡಬೇಕು. ಇದ್ದವರು ಬೇಸರವಿಲ್ಲದೆ ತೋರಿಸುತ್ತಾರೆ.

ಎರಡು: ಭಾಷೆ. ನಾವು ಹಿಂದಿಯಲ್ಲಿ ಮಾತು ಆರಂಭಿಸಿದರೆ ಅವರೂ ಹಿಂದಿಯಲ್ಲೇ ಮುಂದುವರಿಸುತ್ತಾರೆ. ತಪ್ಪು ಅವರದಲ್ಲ. "ನಾವು ಕನ್ನಡದವರೇ ಸ್ವಾಮಿ, ಮಕ್ಕಳಿಗೆ ಕನ್ನಡದಲ್ಲೇ ಹೇಳಿ" ಎಂದು ಮೊದಲೇ ಕೇಳಿಕೊಂಡರೆ ಹೆಚ್ಚಿನವರು ಹಿಗ್ಗಿನಿಂದಲೇ ಹೇಳುತ್ತಾರೆ. ತೊಟ್ಟಿ, ಅಂಬಾರಿ, ದಿವಾನರು, ಪಟ್ಟದ ಆನೆ ಎಂಬ ಮಾತುಗಳು ಬೇರೆ ಭಾಷೆಯಲ್ಲಿ ಕೇಳಿದರೆ ಸಪ್ಪೆ. ಮನೆಯಲ್ಲಿ ಮಾತ್ರ ಕನ್ನಡ ಕೇಳಿದ ಮಗುವಿಗೆ, ಒಂದು ಊರಿಗೆ ಊರೇ ಕನ್ನಡದಲ್ಲಿ ನಡೆಯುತ್ತದೆ ಎಂಬುದು ಅಲ್ಲಿ ಮೊದಲ ಸಲ ತಿಳಿದೀತು.

ಮೂರು: ಎಷ್ಟು ಹೊತ್ತು? ಅರಮನೆಗೆ ಎರಡು ಗಂಟೆಗೆ ಕಡಿಮೆಯಿಲ್ಲದೆ ಎಂದು ಹೇಳಬೇಕು. ಅವಸರದವರಾದರೆ ನಮಸ್ಕಾರ ಹೇಳಿ ಬೇರೊಬ್ಬರನ್ನು ನೋಡುವುದು ವಾಸಿ.

ನಾಲ್ಕು: ಹಣ. ಒಟ್ಟು ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂಬುದನ್ನು ಗೊತ್ತುಮಾಡಿಕೊಂಡು, ಕೊನೆಯಲ್ಲಿ ಕೊಡುವುದು. ಪ್ರವೇಶದ ಟಿಕೀಟನ್ನು ನಾವೇ ಕಿಟಕಿಯಲ್ಲಿ ಕೊಳ್ಳಬೇಕು. ಕಾರು ತೆಗೆದುಕೊಂಡರೆ ಬಾಡಿಗೆ ಗಂಟೆಗೋ, ಮೈಲಿಗೋ. ನಿಲ್ಲಿಸುವ ಶುಲ್ಕ ಮತ್ತು ಚಾಲಕನ ಊಟ ಯಾರ ಲೆಕ್ಕ ಎಂಬುದನ್ನೂ ಕೇಳಿಟ್ಟುಕೊಳ್ಳಬೇಕು.

ಐದು: ಅಂಗಡಿಗೆ ಹೋಗಬೇಕೆಂದರೆ ನಾವೇ ಹೇಳುತ್ತೇವೆ ಎಂಬ ಮಾತು. ಇದರ ಕಾರಣ ಮುಂದೆ ಬರುತ್ತದೆ.

ಅರಮನೆ ಬೆಳಗ್ಗೆ ಹತ್ತಕ್ಕೆ ತೆರೆಯುತ್ತದೆ. ಪಾದರಕ್ಷೆಗಳನ್ನು ಹೊರಗೆ ಬಿಡಬೇಕಾದ್ದರಿಂದ ಬೇಸಗೆಯಲ್ಲಿ ಹೊತ್ತೇರಿದ ಮೇಲೆ ಅಂಗಳದ ಕಲ್ಲು ಕಾಲು ಸುಡುತ್ತದೆ. ಬಾಗಿಲು ತೆರೆಯುವಾಗಲೇ ಅಲ್ಲಿರುವುದು ಮುದುಕರಿಗೂ ಮಕ್ಕಳಿಗೂ ಹಿತ.

ಹೋಗುವ ಮುನ್ನ ತಿಳಿದಿರಬೇಕಾದ ಕಥೆ

ಗೈಡು ಎಷ್ಟೇ ಬಲ್ಲವನಾಗಿರಲಿ, ನಮಗೆ ಕಥೆಯ ಎಳೆ ಗೊತ್ತಿಲ್ಲದಿದ್ದರೆ ಅವನ ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ಮೈಸೂರು ಅರಮನೆಯ ಎಳೆ ಒಂದು ಬೆಂಕಿ.

೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದು ರಾಜಧಾನಿಯನ್ನು ಅಲ್ಲಿಗೆ ಒಯ್ದರು. ಅಲ್ಲಿಯೇ ದಸರೆಯನ್ನೂ ನಡೆಸಿದರು. ೧೭೯೯ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ, ಐದು ವರುಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಕೋಟೆಯೊಳಗಿನ ಹಳೆಯ ಅರಮನೆ ಆ ವೇಳೆಗೆ ಹಾಳಾಗಿತ್ತು. ಅದರ ಸ್ಥಳದಲ್ಲಿ ಮರದ ಅರಮನೆಯೊಂದು ಎದ್ದಿತು. ಸುಮಾರು ಒಂದು ಶತಮಾನ ಕಾಲ ಮೈಸೂರಿನ ಅರಮನೆಯೆಂದರೆ ಅದೇ.

೧೮೯೭ರ ಫೆಬ್ರುವರಿಯಲ್ಲಿ ಅಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ. ಆ ಸಂಭ್ರಮದ ನಡುವೆ ಬೆಂಕಿ ಬಿದ್ದು ಮರದ ಅರಮನೆ ಸುಟ್ಟುಹೋಯಿತು. ತಂದೆ ಚಾಮರಾಜೇಂದ್ರ ಒಡೆಯರು ೧೮೯೪ರಲ್ಲೇ ತೀರಿಕೊಂಡಿದ್ದರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ರಾಜ್ಯದ ಭಾರ ಹೊತ್ತಿದ್ದವರು ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ಆಗ ಅವರಿಗೆ ಮೂವತ್ತು ದಾಟಿತ್ತಷ್ಟೆ. ಗಂಡ ಹೋಗಿ ಮೂರು ವರುಷ ತುಂಬಿರಲಿಲ್ಲ, ಮಗಳ ಮದುವೆಯ ಮನೆ ಬೂದಿಯಾಯಿತು. ಅದೇ ವರುಷ ಹೊಸ ಅರಮನೆಯ ಕೆಲಸಕ್ಕೆ ಅವರು ಕೈ ಹಾಕಿದರು.

ಶಿಮ್ಲಾದಲ್ಲಿ ವೈಸರಾಯರ ಭವನವನ್ನು ಕಟ್ಟಿದ್ದ ಹೆನ್ರಿ ಇರ್ವಿನ್ ಎಂಬ ಶಿಲ್ಪಿ ನಕಾಶೆ ತಯಾರಿಸಿದರು. ಈ ಸಾರಿ ಮರವನ್ನು ನೆಚ್ಚಲಿಲ್ಲ. ಕಲ್ಲು, ಇಟ್ಟಿಗೆ, ಕಬ್ಬಿಣಗಳಿಂದ ಕಟ್ಟಿದರು. ಕೆಲಸ ಹದಿನೈದು ವರುಷ ನಡೆದು ೧೯೧೨ರಲ್ಲಿ ಮುಗಿಯಿತು. ತಗುಲಿದ ವೆಚ್ಚ ಸುಮಾರು ೪೧ ಲಕ್ಷ ರೂಪಾಯಿ. ೧೯೩೦ರ ದಶಕದ ಸುಮಾರಿಗೆ ಮತ್ತೆ ಕೆಲವು ಭಾಗಗಳನ್ನು ವಿಸ್ತರಿಸಿದರು. ಈ ಕಥೆಯನ್ನು ರೈಲಿನಲ್ಲೇ ಮಕ್ಕಳಿಗೆ ಹೇಳಿಬಿಟ್ಟರೆ, ಅರಮನೆಯ ಒಳಗೆ ಕಾಲಿಡುವಾಗ ಅವರ ಕಣ್ಣು ಬೇರೆಯೇ ಆಗಿರುತ್ತದೆ.

ಒಳಗೆ ಎಲ್ಲಿ ನಿಲ್ಲಬೇಕು

ಎಲ್ಲವನ್ನೂ ನೋಡಲು ಹೋದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ನಾಲ್ಕು ಕಡೆ ಚೆನ್ನಾಗಿ ನಿಂತರೆ ಸಾಕು.

ಮೊದಲು ಗೊಂಬೆ ತೊಟ್ಟಿ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಪದ್ಧತಿಯನ್ನು ನೆನಪಿಗೆ ತರುವ ಈ ಸಾಲಿನಲ್ಲಿ ಹಳೆಯ ಕಾಲದ ಗೊಂಬೆಗಳಿವೆ. ಮನೆಯಲ್ಲಿ ಮೂರು ಮೆಟ್ಟಿಲ ಮೇಲೆ ಗೊಂಬೆ ಇಡುವ ಹೆಂಗಸರಿಗೆ ಇಲ್ಲಿ ಗೈಡು ಬೇಕಿಲ್ಲ, ಅವರೇ ಗೈಡು.

ಅಂಬಾರಿಯನ್ನು ತಪ್ಪಿಸಬಾರದು. ಮರದ ಮೇಲೆ ಚಿನ್ನದ ತಗಡು ಹೊದಿಸಿದ ಇದರ ತೂಕ ಸುಮಾರು ೭೫೦ ಕಿಲೋ. ಆನೆಯ ಬೆನ್ನ ಮೇಲೆ ಇದನ್ನು ಕಟ್ಟುವುದೇ ಒಂದು ವಿದ್ಯೆ. ಹಿಂದೆ ವಿಜಯದಶಮಿಯಂದು ಮಹಾರಾಜರು ಇದರಲ್ಲಿ ಕೂರುತ್ತಿದ್ದರು. ಈಗ ಕೂರುವುದು ಚಾಮುಂಡೇಶ್ವರಿಯ ಮೂರ್ತಿ.

ಎರಡನೆಯದಾಗಿ ಕಲ್ಯಾಣ ಮಂಟಪ. ಎಂಟು ಮೂಲೆಯ ಈ ಹಜಾರದಲ್ಲಿ ಮೊದಲು ತಲೆಯೆತ್ತಿ ನೋಡಬೇಕು. ಬಣ್ಣದ ಗಾಜಿನ ಮಾಡು. ಅದರ ತುಂಬ ನವಿಲುಗಳು. ಅದನ್ನು ಹೊತ್ತ ಎತ್ತರದ ಕಬ್ಬಿಣದ ಕಂಬಗಳನ್ನು ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದು ಇಲ್ಲಿಗೆ ತಂದರು. ಮದುವೆಯ ದಿನ ಸುಟ್ಟ ಮನೆಯ ಜಾಗದಲ್ಲಿ, ಬೆಂಕಿಗೆ ಸುಲಭವಾಗಿ ಬಗ್ಗದ ಸಾಮಾನಿನಿಂದ ಮದುವೆಯ ಮಂಟಪವನ್ನೇ ಇಷ್ಟು ಚೆಲುವಾಗಿ ಕಟ್ಟಿದ್ದಾರೆ ಎಂಬುದನ್ನು ಮಕ್ಕಳಿಗೆ ನೆನಪಿಸಬೇಕು.

ಮೂರನೆಯದು, ಆ ಮಂಟಪದ ಸುತ್ತಣ ಗೋಡೆಯ ದಸರಾ ಮೆರವಣಿಗೆಯ ಚಿತ್ರಗಳು. ಇವನ್ನು ಅರಮನೆಯ ಚಿತ್ರಗಾರರು ಮೆರವಣಿಗೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಬರೆದರು. ಆದ್ದರಿಂದ ಇಲ್ಲಿನ ಮುಖಗಳು ಕಲ್ಪನೆಯವಲ್ಲ. ದಿವಾನರು, ಸೈನಿಕರು, ಮಾವುತರು, ವಾದ್ಯದವರು, ಇವರೆಲ್ಲ ಒಂದು ಕಾಲದಲ್ಲಿ ಮೈಸೂರಿನ ಬೀದಿಯಲ್ಲಿ ನಡೆದಾಡಿದವರು. ಒಳ್ಳೆಯ ಗೈಡು ಇಲ್ಲಿ ರಾಜರನ್ನಷ್ಟೇ ತೋರಿಸಿ ಮುಂದಕ್ಕೆ ಹೋಗುವುದಿಲ್ಲ. ಹಿಂದಿನ ಮನೆಗಳನ್ನೂ, ರುಮಾಲು ಕಟ್ಟಿ ನಿಂತ ಪ್ರಜೆಗಳನ್ನೂ ತೋರಿಸುತ್ತಾನೆ. ಕೇಳಿ ನೋಡಿ.

ನಾಲ್ಕನೆಯದು ಮೇಲಿನ ದರ್ಬಾರು ಹಜಾರ ಮತ್ತು ಅಂಬಾವಿಲಾಸ. ಅಂಬಾವಿಲಾಸದಲ್ಲಿ ಕಣ್ಣು ಬಣ್ಣದ ಕಂಬಗಳ ಮೇಲೇ ಓಡುತ್ತದೆ. ಸ್ವಲ್ಪ ಕೆಳಗಿಳಿಸಿ ಬಾಗಿಲುಗಳನ್ನು ನೋಡಬೇಕು. ಬೀಟೆಯ ಮರದಲ್ಲಿ ದಂತವನ್ನು ಕೂಡಿಸಿ ಮಾಡಿದ ಆ ಕೆಲಸ ಮೈಸೂರಿನ ಕುಶಲಿಗಳದು. ನಕಾಶೆ ಹೊರಗಿನವರದಾದರೂ ಕೈ ನಮ್ಮವರದು ಎಂಬುದಕ್ಕೆ ಅದು ಸಾಕ್ಷಿ. ರತ್ನ ಸಿಂಹಾಸನ ಮಾತ್ರ ದಸರೆಯ ಕಾಲದಲ್ಲಲ್ಲದೆ ನೋಡಲು ಸಿಕ್ಕುವುದಿಲ್ಲ.

ಹೇಳಿಕೆ ಬೇರೆ, ಇತಿಹಾಸ ಬೇರೆ

ಗೈಡುಗಳಿಗೆ ರಂಜಿಸುವುದೂ ವೃತ್ತಿಯ ಭಾಗ. ಅದರಲ್ಲಿ ದೋಷವಿಲ್ಲ. ಆದರೆ ಯಾವುದು ಕಥೆ, ಯಾವುದು ನಡೆದದ್ದು ಎಂದು ನಾವು ಬೇರೆಮಾಡಿ ಕೇಳಬೇಕು.

"ನೀವು ಎಲ್ಲಿ ನಿಂತರೂ ಮಹಾರಾಜರ ಕಣ್ಣು ನಿಮ್ಮ ಕಡೆಗೇ ತಿರುಗುತ್ತದೆ, ನೋಡಿ!" ಎಂದು ಭಾವಚಿತ್ರದ ಮುಂದೆ ಹೇಳುತ್ತಾರೆ. ಮಕ್ಕಳು ಬೆರಗಾಗುತ್ತಾರೆ. ಇದರಲ್ಲಿ ಮಾಯವೇನೂ ಇಲ್ಲ. ಚಿತ್ರ ಚಪ್ಪಟೆಯಾದ ಪಟ. ನೇರವಾಗಿ ನೋಡುತ್ತಿರುವಂತೆ ಬರೆದ ಕಣ್ಣು, ನಾವು ಪಕ್ಕಕ್ಕೆ ಸರಿದರೂ ಹಾಗೆಯೇ ಕಾಣುತ್ತದೆ. ಮನೆಯ ಕ್ಯಾಲೆಂಡರಿನ ಲಕ್ಷ್ಮಿಯ ಚಿತ್ರದಲ್ಲೂ ಇದನ್ನು ಪರೀಕ್ಷಿಸಬಹುದು.

ತಲಕಾಡಿನ ಅಲಮೇಲಮ್ಮನ ಶಾಪದ ಕಥೆಯನ್ನೂ ಹೇಳುತ್ತಾರೆ. ಕೇಳಲು ಸೊಗಸಾಗಿದೆ, ಜನರ ಬಾಯಲ್ಲಿ ತಲೆಮಾರುಗಳಿಂದ ಉಳಿದು ಬಂದದ್ದು. ಅದನ್ನು ಜನಪದ ಕಥೆಯೆಂದೇ ಮಕ್ಕಳಿಗೆ ತಿಳಿಸಿದರೆ ಕಥೆಯ ರುಚಿಯೂ ಉಳಿಯುತ್ತದೆ, ಇತಿಹಾಸಕ್ಕೂ ಅಪಚಾರವಾಗುವುದಿಲ್ಲ.

ಮೂರನೆಯದು ಮುಂಬಯಿಯವರಾದ ನಾವು ಅಗತ್ಯವಾಗಿ ತಿಳಿಯಬೇಕಾದದ್ದು. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪವನ್ನು ಕೈಯಿಂದ ಮರೆಮಾಡಿಕೊಂಡು ನಿಂತ ಹೆಣ್ಣುಮಗಳ ಚಿತ್ರವಿದೆ. ಬೆರಳ ಸಂದಿನಿಂದ ಬೆಳಕು ತೂರಿಬರುವ ಆ ಚಿತ್ರವನ್ನು ರವಿವರ್ಮರದೆಂದು ಎಷ್ಟೋ ಜನ ಹೇಳುತ್ತಾರೆ. ಅದು ಅವರದಲ್ಲ. ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಸಾವಳಾರಾಮ ಹಳದಣಕರರದು. ಅವರ ಮಗಳೇ ಅದಕ್ಕೆ ಮಾದರಿಯಾಗಿ ನಿಂತದ್ದು. ಎಣ್ಣೆಬಣ್ಣದಂತೆ ತೋರಿದರೂ ಅದು ಜಲವರ್ಣ. ಗೈಡು ರವಿವರ್ಮರ ಹೆಸರು ಹೇಳಿದರೆ ನಾಲ್ಕು ಜನರ ಮುಂದೆ ತಿದ್ದಿ ನಾಚಿಸಬಾರದು. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದರೆ ನಾಳೆ ಬರುವವರಿಗೆ ಅವರು ಸರಿಯಾಗಿ ಹೇಳಿಯಾರು.

ಅರಮನೆಯಿಂದ ಊರಿಗೆ

ಜಗನ್ಮೋಹನ ಅರಮನೆಯನ್ನು ಕಟ್ಟಿದ್ದು ೧೮೬೧ರಲ್ಲಿ. ದೊಡ್ಡ ಅರಮನೆ ಸುಟ್ಟು ಹೊಸತು ಮುಗಿಯುವ ತನಕ ರಾಜಮನೆತನದವರು ವಾಸವಿದ್ದದ್ದು ಅಲ್ಲಿಯೇ. ೧೯೦೨ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದೂ ಅಲ್ಲಿಯೇ. ಆದ್ದರಿಂದ ಅರಮನೆಯನ್ನು ನೋಡಿದ ಮೇಲೆ ಇದನ್ನು ನೋಡಿದರೆ ಕಥೆ ಪೂರ್ಣವಾಗುತ್ತದೆ. ಚಿತ್ರಶಾಲೆ ದುರಸ್ತಿಗೆಂದು ಮುಚ್ಚಿರುವುದೂ ಉಂಟು. ಮೊದಲೇ ವಿಚಾರಿಸುವುದು ಮೇಲು.

ಅರಮನೆಯ ಸಮೀಪದಲ್ಲೇ ಪುರಭವನದ ಮುಂದೆ ದೊಡ್ಡ ಗಡಿಯಾರವಿದೆ. ನಾಲ್ವಡಿಯವರ ಆಳಿಕೆಗೆ ೨೫ ವರುಷ ತುಂಬಿದ ನೆನಪಿಗೆ ೧೯೨೭ರಲ್ಲಿ ಎದ್ದ ಈ ಗೋಪುರದ ಗಡಿಯಾರದಲ್ಲಿ ಅಂಕಿಗಳು ಕನ್ನಡದವು. ಗೈಡು ಹೇಳುವ ಮೊದಲೇ ಮಕ್ಕಳನ್ನು ನಿಲ್ಲಿಸಿ "ಈಗ ಗಂಟೆ ಎಷ್ಟು?" ಎಂದು ಕೇಳಬೇಕು. ನಮ್ಮ ಅಂಕಿಗಳನ್ನು ಪುಸ್ತಕದಲ್ಲೂ ಕಾಣದ ಮಗು ಅವನ್ನು ಆಕಾಶದೆತ್ತರದಲ್ಲಿ ಓದಲು ಯತ್ನಿಸುವುದನ್ನು ನೋಡುವುದೇ ಒಂದು ಸಂತೋಷ. ಹೊರಡುವ ಹಿಂದಿನ ವಾರ ೧ರಿಂದ ೧೨ರ ವರೆಗೆ ಬರೆಯಿಸಿ ಕಲಿಸಿದ್ದರೆ ಇನ್ನೂ ಚೆನ್ನು.

ಅಲ್ಲಿಂದ ದೇವರಾಜ ಮಾರುಕಟ್ಟೆಗೆ ನಡೆದೇ ಹೋಗಬಹುದು. ಹೂವು, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮಗಳ ಆ ಸಾಲು ಮೈಸೂರಿನ ಜೀವಂತ ಭಾಗ. ೨೦೧೬ರಲ್ಲಿ ಇದರ ಒಂದು ಪಾರ್ಶ್ವ ಕುಸಿದು ಬಿತ್ತು. ಉಳಿಸಬೇಕೆ, ಕೆಡವಿ ಕಟ್ಟಬೇಕೆ ಎಂಬ ವಾದ ಆಮೇಲೆ ಬಹಳ ನಡೆಯಿತು. ಅರಮನೆಗೆ ಕಾವಲುಂಟು; ಪೇಟೆಗೆ ಇಲ್ಲ. ಆದ್ದರಿಂದ ಇಂಥವನ್ನು ಇರುವಾಗಲೇ ನೋಡಿಬಿಡಬೇಕು.

ವಾಚನಾಲಯಕ್ಕೆ ಬರುವವರಾದ ನಮಗೆ ಮತ್ತೊಂದು ಸ್ಥಳವುಂಟು. ಸಾಮಾನ್ಯವಾಗಿ ಗೈಡುಗಳ ಪಟ್ಟಿಯಲ್ಲಿ ಅದು ಇರುವುದಿಲ್ಲ, ಕೇಳಿದರೆ ತೋರಿಸುತ್ತಾರೆ. ಅದು ಪ್ರಾಚ್ಯ ವಿದ್ಯಾ ಸಂಶೋಧನಾಲಯ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯ ಪ್ರತಿಯನ್ನು ಇಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, ೧೯೦೯ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಹೆಸರು ಮಾತ್ರ ಕೇಳಿ ಗ್ರಂಥ ಕಾಣದಿದ್ದ ಲೋಕಕ್ಕೆ ಅದು ದೊರೆತದ್ದು ಒಂದು ಗ್ರಂಥಾಲಯದ ಮೇಜಿನಿಂದ. ಕಟ್ಟಡವನ್ನು ಹೊರಗಿನಿಂದ ನೋಡಿದರೂ ಕೈಮುಗಿಯಬೇಕೆನಿಸುತ್ತದೆ.

ಕಾರು ಇದ್ದವರು ಬೆಳಗ್ಗೆ ಅರಮನೆ ತೆರೆಯುವ ಮೊದಲೇ ಚಾಮುಂಡಿ ಬೆಟ್ಟವನ್ನು ಮುಗಿಸಬಹುದು. ಸುಮಾರು ಸಾವಿರ ಮೆಟ್ಟಿಲುಗಳ ದಾರಿಯೂ ಒಂದೇ ಕಲ್ಲಿನ ದೊಡ್ಡ ನಂದಿಯೂ ಹದಿನೇಳನೆಯ ಶತಮಾನದ ದೊಡ್ಡದೇವರಾಜ ಒಡೆಯರ ಕಾಲದವು. ಮೇಲಿನಿಂದ ನೋಡಿದರೆ ಅರಮನೆಯ ಸುತ್ತ ಊರು ಹರಡಿರುವ ಬಗೆ ತಿಳಿಯುತ್ತದೆ. ದಾರಿಯಲ್ಲಿ ಕಾಣುವ ಲಲಿತಮಹಲು ೧೯೨೧ರದು. ಅದರ ಶಿಲ್ಪಿ ಫ್ರಿಚ್ಲೆ ಮುಂಬಯಿಯವರು. ಸಂತ ಫಿಲೋಮಿನಾ ದೇವಾಲಯದ ಅವಳಿ ಗೋಪುರಗಳನ್ನು ಸಂಜೆಯ ಬೆಳಕಿನಲ್ಲಿ ನೋಡುವುದು ಚೆನ್ನ. ಶ್ರೀರಂಗಪಟ್ಟಣವನ್ನು ಇದೇ ದಿನಕ್ಕೆ ತುರುಕಬಾರದು. ಅದಕ್ಕೆ ಬೇರೆ ದಿನ ಬೇಕು.

ಸಾಧ್ಯವಾದರೆ ಭಾನುವಾರ ಮೈಸೂರಿನಲ್ಲಿರುವಂತೆ ಗೊತ್ತುಮಾಡಿಕೊಳ್ಳಿ. ಭಾನುವಾರ ಮತ್ತು ಸರಕಾರಿ ರಜಾದಿನಗಳಲ್ಲಿ ಸಂಜೆ ಏಳರ ಸುಮಾರಿಗೆ ಅರಮನೆಗೆ ದೀಪ ಹಾಕುತ್ತಾರೆ. ತೊಂಬತ್ತು ಸಾವಿರಕ್ಕೂ ಹೆಚ್ಚು ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಅದಕ್ಕೆ ಗೈಡು ಬೇಡ, ಮಾತೂ ಬೇಡ.

ಅಂಗಡಿಯ ವಿಚಾರ

ನಮ್ಮ ಪರಿಚಯದ ಕುಟುಂಬವೊಂದನ್ನು ಕರೆದೊಯ್ದವನು ಅರಮನೆಯನ್ನು ಮುಕ್ಕಾಲು ಗಂಟೆಯಲ್ಲಿ ತಿರುಗಿಸಿ, ಒಂದೂವರೆ ಗಂಟೆ ರೇಷ್ಮೆ ಅಂಗಡಿಯಲ್ಲಿ ಕೂರಿಸಿದನಂತೆ. ಕೆಲವು ಅಂಗಡಿಯವರು ಗಿರಾಕಿಯನ್ನು ತಂದವರಿಗೆ ದಲ್ಲಾಳಿ ಕೊಡುತ್ತಾರೆ. ಆ ಹಣ ಸೀರೆಯ ಬೆಲೆಯಲ್ಲೇ ಸೇರಿರುತ್ತದೆ. ಕರಾರಿನ ಐದನೆಯ ಮಾತು ಇದಕ್ಕಾಗಿಯೇ.

ಗಿರಣಿಯಲ್ಲಿ ಬಟ್ಟೆಯ ಲೆಕ್ಕ ಬರೆಯುವವನಾದ್ದರಿಂದ ಒಂದು ಮಾತು ಹೇಳುತ್ತೇನೆ. ಸೀರೆಯ ಅಂಚಿನಿಂದ ಒಂದೆರಡು ಎಳೆ ತೆಗೆದು ಸುಟ್ಟರೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಕೃತಕ ನೂಲಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇಷ್ಟು ತೊಂದರೆ ಬೇಡವೆನ್ನುವವರು ೧೯೧೨ರಲ್ಲಿ ಆರಂಭವಾದ ಸರಕಾರಿ ರೇಷ್ಮೆ ಕಾರಖಾನೆಯ ಸ್ವಂತ ಮಳಿಗೆಗೆ ತಾವಾಗಿಯೇ ಹೋಗುವುದು ಸುಲಭ.

ಇದು ಯಾರ ಅರಮನೆ?

ಕೊನೆಯದಾಗಿ ಒಂದು ಮಾತು. ನಮ್ಮ ಸಂಘದಲ್ಲಿ ಧಾರವಾಡ, ವಿಜಾಪುರ, ಮಂಗಳೂರು, ಕಾರವಾರದ ಕಡೆಯವರೇ ಬಹಳ. "ಮೈಸೂರು ರಾಜರು ನಮ್ಮ ರಾಜರಾಗಿರಲಿಲ್ಲವಲ್ಲ" ಎಂದು ಕೆಲವರು ಹೇಳುವುದುಂಟು. ನಿಜ. ೧೯೧೨ರಲ್ಲಿ ಧಾರವಾಡ ಮುಂಬಯಿ ಇಲಾಖೆಯಲ್ಲಿತ್ತು, ಮಂಗಳೂರು ಮದರಾಸಿನಲ್ಲಿತ್ತು. ಆದರೆ ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ, ೧೯೧೫ರ ಕನ್ನಡ ಸಾಹಿತ್ಯ ಪರಿಷತ್ತಿಗೆ ಬೆಂಬಲವಾಗಿ ನಿಂತದ್ದು, ೧೯೧೬ರಲ್ಲಿ ವಿಶ್ವವಿದ್ಯಾನಿಲಯವನ್ನು ತೆರೆದದ್ದು ಆ ಮೈಸೂರು. ೧೯೫೬ರಲ್ಲಿ ನಾಡು ಒಂದಾಯಿತು. ೧೯೭೩ರಲ್ಲಿ ಕರ್ನಾಟಕವೆಂಬ ಹೆಸರು ಬಂತು. ಇನ್ನೂ ಒಂದು ವಿಷಯವುಂಟು. ಆ ೪೧ ಲಕ್ಷದ ಹಿಂದೆ ರಾಗಿ ಬೆಳೆದು ಕಂದಾಯ ಕಟ್ಟಿದ ರೈತರಿದ್ದಾರೆ. ಅಂದು ಅವರಲ್ಲಿ ಹೆಚ್ಚಿನವರು ಕೋಟೆಯ ಬಾಗಿಲ ಹೊರಗೇ ನಿಂತು ಮೆರವಣಿಗೆ ನೋಡಿದವರು. ಈಗ ಯಾರು ಬೇಕಾದರೂ ಟಿಕೀಟು ಕೊಂಡು ದರ್ಬಾರಿನ ನಡುವೆ ನಿಲ್ಲಬಹುದು.

ಗೈಡಿಗೆ ಹಣ ಕೊಡುವಾಗ ಅವರ ಕೆಲಸ ಮೆಚ್ಚಿಗೆಯಾಗಿದ್ದರೆ ಎರಡು ಒಳ್ಳೆಯ ಮಾತನ್ನೂ ಆಡಿ; ದಿನವಿಡೀ ನಿಂತು ಮಾತಾಡಿ ಹೊಟ್ಟೆ ಹೊರೆಯುವ ವೃತ್ತಿ ಅದು. ಮೈಸೂರಿನ ಚರಿತ್ರೆಯ ಪುಸ್ತಕ ಬೇಕಾದವರು ಹೊರಡುವ ಎರಡು ವಾರ ಮೊದಲೇ ವಾಚನಾಲಯದಲ್ಲಿ ಕೇಳಿದರೆ ಹುಡುಕಿ ಕೊಡಲಾಗುವುದು.

— ವಾಚನಾಲಯದ ಸ್ವಯಂಸೇವಕ